ಸೊನ್ನೆ ಬಿಲ್ಲಿನ ಮನೆಗೆ ಸೌರಫಲಕ: ಅರಸೀಕೆರೆ, ಬೇಲೂರು, ಹಳೇಬೀಡಿನ ಲೆಕ್ಕ

ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಡಿ, ಮನೆಯ ಮೇಲೆ ಕೂರಿಸುವ ಸೌರಫಲಕಗಳಿಗೆ ಮೊದಲ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000 ರೂಪಾಯಿಯಂತೆ, ಮೂರನೆಯದಕ್ಕೆ 18,000 ರೂಪಾಯಿಯಂತೆ, ಒಟ್ಟು 78,000 ರೂಪಾಯಿ ಮೀರದ ಸಹಾಯಧನ ದೊರೆಯುತ್ತದೆ. 3 ಕಿಲೋವ್ಯಾಟ್ ಘಟಕಕ್ಕೆ ಸುಮಾರು 2 ಲಕ್ಷ ತಗಲುತ್ತದೆಂದು ಹಿಡಿದರೆ ಮನೆಯವರು ಕೈಯಿಂದ ಹಾಕಬೇಕಾದದ್ದು 1.2 ಲಕ್ಷದಷ್ಟು. ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುವುದರಿಂದ ಈ ಘಟಕದಲ್ಲಿ ವರ್ಷಕ್ಕೆ 4,000 ಯೂನಿಟ್‌ಗೂ ಮಿಗಿಲಾಗಿ ಉತ್ಪಾದನೆಯಾಗಿ, ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ ಅಷ್ಟನ್ನೂ ಮನೆಯವರೇ ಬಳಸಿದರೆ ಹಾಕಿದ ಹಣ ಐದು ವರ್ಷಗಳಲ್ಲಿ ಮರಳುತ್ತದೆ.

ಕಾಗದದ ಮೇಲೆ ಚೊಕ್ಕವಾಗಿರುವ ಈ ಲೆಕ್ಕ ಹಾಸನ ಜಿಲ್ಲೆಯ ಬಹಳಷ್ಟು ಮನೆಗಳಿಗೆ ಹೊಂದುವುದಿಲ್ಲ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು, ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿ, 200 ಯೂನಿಟ್‌ ಮಿತಿಯೊಳಗೆ ವಿದ್ಯುತ್ತನ್ನು ಉಚಿತವಾಗಿ ಕೊಡುತ್ತಿರುವುದರಿಂದ, ತಿಂಗಳಿಗೆ 60 ಯೂನಿಟ್ ಉರಿಸಿ ಸೊನ್ನೆ ಬಿಲ್ಲು ಪಡೆಯುವ ಕುಟುಂಬಕ್ಕೆ ಫಲಕದಿಂದ ಉಳಿಯುವ ಹಣವೇ ಇಲ್ಲ. ಹೆಚ್ಚಾದ ವಿದ್ಯುತ್ತನ್ನು ಜಾಲಕ್ಕೆ ಬಿಟ್ಟು, ಬಳಸಿದ್ದನ್ನೂ ಬಿಟ್ಟದ್ದನ್ನೂ ಒಂದೇ ಮೀಟರಿನಲ್ಲಿ ಅಳೆಯುವ ವ್ಯವಸ್ಥೆಗೆ ನೆಟ್ ಮೀಟರಿಂಗ್ ಎನ್ನುತ್ತಾರೆ. ಆದರೆ ಹಾಗೆ ಕೊಟ್ಟದ್ದಕ್ಕೆ ಸಿಗುವ ದರ ಕೊಳ್ಳುವ ದರಕ್ಕಿಂತ ಕಡಿಮೆ. ಆದ್ದರಿಂದ ಸೌರಫಲಕದ ನಿಜವಾದ ಗಿರಾಕಿ, 200 ಯೂನಿಟ್ ದಾಟಿ ಪೂರ್ತಿ ಬಿಲ್ಲು ಕಟ್ಟುವ ದೊಡ್ಡ ಮನೆಯೇ.

ಮೂರೂ ಊರುಗಳು ಒಂದೇ ಜಿಲ್ಲೆಯಲ್ಲಿದ್ದರೂ ಬಿಸಿಲು ಒಂದೇ ಅಲ್ಲ. ಬಯಲುಸೀಮೆಯ ಅರಸೀಕೆರೆಯಲ್ಲಿ ಬಿಸಿಲು ಧಾರಾಳವಾಗಿದ್ದು, ಅಲ್ಲಿನ ತೊಡಕೆಂದರೆ ದೂಳು ಮತ್ತು ತೆಂಗಿನ ಗರಿಯ ನೆರಳು. ಸಾಲಾಗಿ ಜೋಡಿಸಿದ ಕೋಶಗಳಲ್ಲಿ ಕೆಲವಕ್ಕೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗುವುದರಿಂದ, ಮನೆಯ ದಕ್ಷಿಣಕ್ಕಿರುವ ಒಂದೇ ಮರವೂ ಲೆಕ್ಕವನ್ನು ಕೆಡಿಸಬಲ್ಲದು. ಅರೆಮಲೆನಾಡಿನ ಬೇಲೂರಿನಲ್ಲಿ ಮುಂಗಾರಿನ ಮೋಡ ಜೂನ್‌ನಿಂದ ತಿಂಗಳುಗಟ್ಟಲೆ ಕವಿದಿರುತ್ತದೆ. ಹೆಂಚಿನ ಮನೆಗಳಲ್ಲಿ ಫಲಕ ಕೂರಿಸುವುದು ತಾರಸಿಯಷ್ಟು ಸಲೀಸೂ ಅಲ್ಲ.

ಕರೆಂಟು ಹೋದಾಗಲೂ ಮನೆ ಬೆಳಗುತ್ತದೆಂಬ ನಿರೀಕ್ಷೆ ಹಲವರದು. ಆದರೆ ತಂತಿ ದುರಸ್ತಿ ಮಾಡುವವರಿಗೆ ವಿದ್ಯುತ್ ತಗಲದಿರಲೆಂದು, ಜಾಲಕ್ಕೆ ಕೂಡಿಸಿದ ಇನ್ವರ್ಟರ್, ಅಂದರೆ ಡಿಸಿಯನ್ನು ಎಸಿಯಾಗಿಸುವ ಸಾಧನ, ಪೂರೈಕೆ ನಿಂತೊಡನೆ ತಾನೂ ನಿಲ್ಲುತ್ತದೆ. ಇದನ್ನು ತಪ್ಪಿಸಲು ಬ್ಯಾಟರಿ ಬೇಕು, ಅದರ ಖರ್ಚು ಬೇರೆ.

2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡು ದೇವಾಲಯಗಳ ನೆರೆಯವರಿಗೆ ಇನ್ನೊಂದು ಕಟ್ಟುಪಾಡಿದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣಕ್ಕೆ ನಿಷೇಧವೂ ಅದರಾಚೆಯ 200 ಮೀಟರ್‌ನಲ್ಲಿ ನಿಯಂತ್ರಣವೂ ಇರುವುದರಿಂದ, ತಾರಸಿಯ ಮೇಲೆ ಎತ್ತರದ ಉಕ್ಕಿನ ಚೌಕಟ್ಟು ನಿಲ್ಲಿಸಬಯಸುವವರು ಮುಂಗಡ ಹಣ ಕೊಡುವ ಮೊದಲೇ ಅನುಮತಿಯ ಬಗ್ಗೆ ವಿಚಾರಿಸಿಕೊಳ್ಳಬೇಕಾಗುತ್ತದೆ.