ದರಗಿನೊಳಗಿನ ಸಿಳ್ಳೆ

ಮಲೆನಾಡಿನ ಕಾಡಂಚಿನಲ್ಲಿ ದರಗು ಸರಸರ ಎಂದರೆ ಓತಿಕ್ಯಾತವೋ ಇಲಿಯೋ ಎಂದುಕೊಂಡು ಮುಂದೆ ಹೋಗುವವರೇ ಹೆಚ್ಚು. ಎರಡು ನಿಮಿಷ ಅಲುಗದೆ ನಿಂತು ನೋಡಿ. ಒಣಗಿದ ಎಲೆಯೊಂದು ತಾನಾಗಿಯೇ ಎಂಬಂತೆ ಮಗುಚಿ ಬೀಳುತ್ತದೆ, ಆಮೇಲೆ ಪಕ್ಕದ್ದು. ಅದರ ಹಿಂದೆಯೇ ಕೆಂಗಂದು ನೆತ್ತಿ, ಬಿಳಿ ಗಂಟಲು, ಎದೆಯ ಮೇಲೆ ಕಂದು ಗೀರುಗಳಿರುವ, ಗುಬ್ಬಚ್ಚಿಗಿಂತ ತುಸುವೇ ದೊಡ್ಡ ಹಕ್ಕಿ: ಚುಕ್ಕೆ ಹರಟೆಮಲ್ಲ.

ಹಿತ್ತಲಲ್ಲಿ ಏಳೆಂಟು ಸೇರಿ ಗದ್ದಲ ಎಬ್ಬಿಸುವ ಹರಟೆಮಲ್ಲಗಳಿಗೂ ಇದಕ್ಕೂ ಹೆಸರಿನ ನಂಟೇ ಹೆಚ್ಚು. ಮೊದಲು ಎಲ್ಲವನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದರು; ಡಿಎನ್‌ಎ ಹೋಲಿಸಿ ನೋಡಿದ ಮೇಲೆ ಇದನ್ನು ಬೇರೆ ಮನೆಗೆ ಕಳಿಸಿದರು. 1832ರಲ್ಲಿ ವಿಲಿಯಂ ಸ್ವೇನ್ಸನ್ ಕೊಟ್ಟ ಹೆಸರು ಮಾತ್ರ ಹಾಗೇ ಇದೆ: ಪೆಲ್ಲೋರ್ನಿಯಮ್ ರುಫಿಸೆಪ್ಸ್. ರುಫಿಸೆಪ್ಸ್ ಅಂದರೆ ಕೆಂದಲೆ.

ಕೋಳಿ ಕಾಲಲ್ಲಿ ಕೆದರುತ್ತದೆ, ಇದು ಕೊಕ್ಕಿನಿಂದ ಎಲೆಯನ್ನು ಪಕ್ಕಕ್ಕೆ ಎಸೆದು ಅಡಿಯ ಹುಳುಹುಪ್ಪಟೆ ಹೆಕ್ಕುತ್ತದೆ. ಕೊಟ್ಟಿಗೆಗೆ ಹಾಸಲು ಬೆಟ್ಟದ ದರಗು ಗುಡಿಸಿ ತರುವ ನಮಗೆ ಅದು ನಾಳಿನ ಗೊಬ್ಬರ. ಈ ಹಕ್ಕಿಗೆ ಊಟದ ತಟ್ಟೆ.

ಕಣ್ಣಿಗೆ ಬೀಳದಿದ್ದರೂ ಕಿವಿಗೆ ತಪ್ಪುವುದಿಲ್ಲ. ಹಗಲೆಲ್ಲ ಒಂದೇ ಚುಟುಕು ಸಿಳ್ಳೆಯನ್ನು ಬೇಸರವಿಲ್ಲದೆ ಹೊಡೆಯುತ್ತದೆ, ನಸುಕಿನಲ್ಲಿ ಮಾತ್ರ ಏರಿಳಿಯುವ ಉದ್ದನೆಯ ಹಾಡು. ದಟ್ಟ ಕಾಡಿನಲ್ಲಿ ಕಾಂಡಕ್ಕೂ ಎಲೆಗೂ ಬಡಿದು ಶಬ್ದ ಚೆದರುತ್ತದೆ. ಚಟಪಟನೆ ಉಲಿದ ಸ್ವರಗಳು ತಮ್ಮದೇ ಮಾರ್ದನಿಯಲ್ಲಿ ಕಲಸಿಹೋಗುತ್ತವೆ. ಬಿಡಿಬಿಡಿಯಾದ ಶುದ್ಧ ಸಿಳ್ಳೆ ಅಷ್ಟು ಕೆಡದೆ ದಾಟುತ್ತದೆ.

ಇದರ ಗೂಡು ನನಗಂತೂ ಅದರ ಹಾಡಿಗಿಂತ ಹೆಚ್ಚಿನ ಸೋಜಿಗ. ಮಳೆಗಾಲದಲ್ಲಿ, ಪೊದೆಯ ಬುಡದಲ್ಲಿ, ನೆಲದ ಮೇಲೆಯೇ ಎಲೆ ಕಡ್ಡಿ ಸೇರಿಸಿ ಚೆಂಡಿನಂತೆ ಕಟ್ಟುತ್ತದೆ. ಸುತ್ತಲೂ ಅದೇ ಎಲೆ, ಅದೇ ಬಣ್ಣ. ಬಾಗಿಲು ಪಕ್ಕದಲ್ಲಿ, ಸಾಮಾನ್ಯವಾಗಿ ಇಳಿಜಾರಿನ ಕಡೆಗೆ. ಮೇಲಿಂದ ಹರಿದು ಬಂದ ನೀರು ಒಳಗೆ ನುಗ್ಗದಿರಲೆಂದೇ ಇರಬೇಕು ಅಂತ ನನ್ನ ಊಹೆ. ಮನೆ ಕಟ್ಟುವ ಮಲೆನಾಡಿಗರೂ ಒಪ್ಪಿಯಾರು. ಕಾವು ಕೊಡುವುದು, ಉಣಿಸುವುದು ಗಂಡುಹೆಣ್ಣು ಎರಡರದ್ದೂ ಕೆಲಸ. ಹನ್ನೆರಡು ಹದಿಮೂರು ದಿನಕ್ಕೆ ಮರಿಗಳು ಗೂಡು ಬಿಡುತ್ತವೆ. ಅದಕ್ಕೂ ಮುಂಚೆ ಅಪಾಯ ಬಂತೋ, ಹೊರಗೆ ನೆಗೆದು, ಬಿದ್ದಲ್ಲೇ ಮಿಸುಕಾಡದೆ ಕೂತುಬಿಡುತ್ತವೆ. ಆಗ ಹುಡುಕುವ ಕಣ್ಣಿಗೆ ಸಿಗುವುದು ಬರೀ ದರಗು.