ಬಾವಿಯ ಗೋಡೆಯ ಮೇಲೊಂದು ಬದುಕು

ಮಂದ್ರೂಪದ ಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟುವ ಹೊತ್ತಿಗೆ ಸೊಲ್ಲಾಪುರದ ಗಡ್ಡಾ ಯಾತ್ರೆ ಬರುತ್ತದೆ. ವಡಕಬಾಳದ ಸೇತುವೆಯಲ್ಲಿ ಸೀನಾ ಹೊಳೆ ದಾಟುವ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರದು. ಸಿದ್ಧರಾಮೇಶ್ವರನ ಏಳು ನಂದಿಕೋಲುಗಳಿಗೆ ಕೈಮುಗಿದ ಮಂದಿ ಸಂಜೆಗೆ ಹೋಮ ಮೈದಾನದತ್ತ ಹರಿಯುತ್ತಾರೆ. ತಿರುಗುವ ತೊಟ್ಟಿಲುಗಳ ಪಕ್ಕದಲ್ಲಿ ಹಲಗೆ ಜೋಡಿಸಿ ಎಬ್ಬಿಸಿದ ದುಂಡು ಗೋಡೆ: ‘ಮೌತ್ ಕಾ ಕುವಾ’, ಸಾವಿನ ಬಾವಿ.

ಮಳೆಗೆ ಮುಖ ಮಾಡಿ ಬದುಕುವ ಈ ಸೀಮೆಗೆ ಬಾವಿ ಎಂದರೆ ಜೀವ. ಅಂಥ ಸೀಮೆಯವರೇ ಟಿಕೆಟ್ ಕೊಂಡು, ಕಬ್ಬಿಣದ ಮೆಟ್ಟಿಲು ಹತ್ತಿ, ಕಟ್ಟೆಯಂಚಿನಿಂದ ಈ ಬಾವಿಯೊಳಗೆ ಇಣುಕುತ್ತಾರೆ.

ತಳದಲ್ಲಿ ಒಬ್ಬ ಯುವಕ. ಬೈಕನ್ನು ಮುಟ್ಟಿ ಹಣೆಗೊತ್ತಿಕೊಂಡು ಕಿಕ್ ಹೊಡೆಯುತ್ತಾನೆ. 1996ರಲ್ಲಿ ತಯಾರಿಕೆ ನಿಂತರೂ ಯಮಹಾ ಆರ್‌ಎಕ್ಸ್ 100 ಇಂಥ ಬಾವಿಗಳಲ್ಲಿ ಇನ್ನೂ ಓಡುತ್ತಿದೆ. ಮೈ ಹಗುರ, ಕಿವಿ ತಿರುವಿದರೆ ಜಿಗಿತ. ನೆಲದಲ್ಲಿ ಎರಡು ಸುತ್ತು, ಬುಡದ ಓರೆ ಹಲಗೆಯ ಮೇಲೊಂದು ಸುತ್ತು, ಆಮೇಲೆ ನೆಟ್ಟನೆಯ ಗೋಡೆ. ಹಲಗೆಗಳು ಗಡಗಡ ನಡುಗುತ್ತವೆ. ನಿಂತವರ ಅಂಗಾಲಿಗೂ ಆ ನಡುಕ ಏರುತ್ತದೆ.

ಬಾವಿಯ ಅಗಲ 10 ಮೀಟರ್, ವೇಗ ಗಂಟೆಗೆ 40 ಕಿ.ಮೀ. ಇದ್ದರೆ ಮೂರು ಸೆಕೆಂಡಿಗೊಂದು ಸುತ್ತು. ಆಗ ಸವಾರನ ಮೈ ತನ್ನ ಭಾರದ ಎರಡೂವರೆ ಪಟ್ಟು ಬಲದಿಂದ ಗೋಡೆಗೆ ಒತ್ತುತ್ತದೆ. ಆ ಒತ್ತಡದಿಂದಲೇ ಟೈರು ಹಲಗೆಯನ್ನು ಕಚ್ಚಿ ಹಿಡಿಯುತ್ತದೆ. ವೇಗ ತಗ್ಗಿದರೆ ಹಿಡಿತ ಸಡಿಲ.

ಅವನು ಎರಡೂ ಕೈ ಬಿಡುತ್ತಾನೆ. ಸೀಟಿನ ಮೇಲೆ ಅಡ್ಡ ಕೂರುತ್ತಾನೆ. ಅಂಚಿನಲ್ಲಿ ಹುಡುಗನೊಬ್ಬ ಚಾಚಿದ ಹತ್ತರ ನೋಟನ್ನು ಹದ್ದಿನಂತೆ ಕಸಿದು ಇಳಿಯುತ್ತಾನೆ. ಸೆರಗು ಬಾಯಿಗಿಟ್ಟ ಮುದುಕಿಯೊಬ್ಬಳು ತಡೆಯಲಾರದೆ ಕೂಗುತ್ತಾಳೆ: “ಸಾಕೋ ನನ್ನಪ್ಪಾ, ಕೆಳಗ ಇಳಿ!”

ಈ ವಿದ್ಯೆಗೆ ಶಾಲೆಯಿಲ್ಲ. ಹುಡುಗನಾಗಿ ಮೇಳ ಸೇರಿದವನು ಮೊದಲು ಹಲಗೆ ಹೊರುತ್ತಾನೆ, ಬೋಲ್ಟು ಬಿಗಿಯುತ್ತಾನೆ. ತಲೆಸುತ್ತು, ವಾಂತಿ ಪಳಗುವ ತನಕ ಬುಡದ ಓರೆಯಲ್ಲೇ ಸುತ್ತುತ್ತಾನೆ. ಗೋಡೆ ಸಿಕ್ಕಮೇಲೆ ಜಾತ್ರೆಯಿಂದ ಜಾತ್ರೆಗೆ, ದಿನಕ್ಕೆ ಹತ್ತಾರು ಆಟ. ಹೆಲ್ಮೆಟ್ ಇಲ್ಲ, ಕೆಳಗೆ ಬಲೆ ಇಲ್ಲ. ಅವನನ್ನು ಹುಂಬನೆನ್ನಲು ನನಗೆ ಮನಸ್ಸಾಗದು. ಆಟಕ್ಕೆ ಮುಂಚೆ ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡುವ ಆ ಬೆರಳುಗಳಲ್ಲಿ ಕಸುಬುದಾರನ ಎಚ್ಚರವಿದೆ. ಕಲಾವಿದನಿಗೆ ಸಲ್ಲುವ ಮರ್ಯಾದೆ, ದುಡಿಯುವವನಿಗೆ ಸಲ್ಲಬೇಕಾದ ರಕ್ಷಣೆ, ಎರಡೂ ಅವನಿಗೆ ಸಿಗಬೇಕು.

ಇಂಜಿನ್ ಆರುತ್ತದೆ. ಅವನು ತಳದಲ್ಲಿ ಕೂತು, ಬೆವರಿಗೆ ಒದ್ದೆಯಾದ ನೋಟುಗಳನ್ನು ತೊಡೆಯ ಮೇಲಿಟ್ಟು ಒಂದೊಂದಾಗಿ ನೀವುತ್ತಾನೆ. ಹೊರಗೆ ಮುಂದಿನ ಆಟದ ಕೂಗು ಎದ್ದಿದೆ.

ಕೊನೆಯ ಬಸ್ಸು ಮಂದ್ರೂಪ ಮುಟ್ಟುವಾಗ ಜೋಳದ ಹೊಲಗಳ ನಡುವೆ ಬಾವಿಗಳು ಕತ್ತಲಲ್ಲಿ ಮಲಗಿರುತ್ತವೆ. ನಾವು ಇವುಗಳಿಂದ ನೀರು ಸೇದುತ್ತೇವೆ. ಅವನು ಆ ಒಣ ಬಾವಿಯಿಂದ ಅನ್ನ ಸೇದುತ್ತಾನೆ.