ಒಂದು ಅಂಗನವಾಡಿ, ಹಲವು ಖಾತೆ

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಒಂದು ಊರಿಗೆ ಹೊಸ ಅಂಗನವಾಡಿ ಕಟ್ಟಡ ಬೇಕು ಎನ್ನಿ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ ಕೇಂದ್ರ ಹಾಕಿಕೊಟ್ಟ ಲೆಕ್ಕದಂತೆ ಅದರ ವೆಚ್ಚ 12 ಲಕ್ಷ ರೂಪಾಯಿ. 8 ಲಕ್ಷ ನರೇಗಾದಿಂದ, 2 ಲಕ್ಷ ಹಣಕಾಸು ಆಯೋಗದ ಅನುದಾನದಿಂದ, 2 ಲಕ್ಷ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದಿಂದ ಬರಬೇಕು. ಕಟ್ಟಡ ಎದ್ದ ಮೇಲೆ ಒಳಗಿನ ಸಂಸಾರದ ಲೆಕ್ಕವೇ ಬೇರೆ. ಅಕ್ಕಿ, ಬೇಳೆ, ಮೊಟ್ಟೆಗೆ ಒಂದು ಖಾತೆ, ಟೀಚರ್ ಮತ್ತು ಸಹಾಯಕಿಯ ಗೌರವಧನಕ್ಕೆ ಇನ್ನೊಂದು. ಲಸಿಕೆ ತರುವುದು ಆರೋಗ್ಯ ಇಲಾಖೆ, ನಲ್ಲಿ ಹಾಕಿಸುವುದು ಪಂಚಾಯಿತಿ. ಮೂವತ್ತು ಮಕ್ಕಳು ಕೂರುವ ಒಂದು ಕೋಣೆಗೆ ಇಷ್ಟು ಬಾಗಿಲಿನಿಂದ ಹಣ ಬರುತ್ತದೆ. ಯಾವುದಾದರೂ ಒಂದು ಬಾಗಿಲು ಮುಚ್ಚಿದರೆ ಕೋಣೆ ಇದ್ದೂ ಶೌಚಾಲಯ ಇರುವುದಿಲ್ಲ, ಶೌಚಾಲಯ ಇದ್ದೂ ನೀರು ಇರುವುದಿಲ್ಲ.

ಮಕ್ಕಳ ವಿಷಯದಲ್ಲಿ ಸ್ಥಳೀಯ ಸರ್ಕಾರದ ಕೆಲಸ ಏನು ಎಂದು ಕೇಳಿದರೆ ನನ್ನ ಮಟ್ಟಿಗೆ ಉತ್ತರ ಇದು: ಈ ಬಾಗಿಲುಗಳೆಲ್ಲ ಒಟ್ಟಿಗೆ ತೆರೆಯುವಂತೆ ನೋಡಿಕೊಳ್ಳುವುದು. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತವರಿಗೆ ಒಂದೊಂದು ಬಾಗಿಲು ಮಾತ್ರ ಕಾಣುತ್ತದೆ. ಇಡೀ ಕೋಣೆ ಕಾಣುವುದು ಊರಿನವರಿಗೆ.

ಕಾನೂನು ಇದನ್ನು ಒಪ್ಪಿಕೊಂಡಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ಒಪ್ಪಿಸಬಹುದಾದ 29 ವಿಷಯಗಳನ್ನು ಹನ್ನೊಂದನೇ ಅನುಸೂಚಿಯಲ್ಲಿ ಪಟ್ಟಿ ಮಾಡಿತು. ಅದರಲ್ಲಿ 25ನೆಯದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. ಕರ್ನಾಟಕ ಅದಕ್ಕೂ ಮೊದಲೇ ಈ ದಾರಿ ಹಿಡಿದಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಕಟ್ಟಿದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳು 1987ರಲ್ಲೇ ಕೆಲಸ ಶುರು ಮಾಡಿದ್ದವು.

ಆದರೆ ವಿಷಯ ಒಪ್ಪಿಸಿದಷ್ಟು ಸಲೀಸಾಗಿ ಹಣ ಒಪ್ಪಿಸಲಿಲ್ಲ. ರಾಜ್ಯ ಬಜೆಟ್ ಜೊತೆಗೆ ಪಂಚಾಯಿತಿಗಳಿಗೆ ಹೋಗುವ ಹಣದ ವಿವರ ಪ್ರತ್ಯೇಕ ಪುಸ್ತಕವಾಗಿ ಅಚ್ಚಾಗುತ್ತದೆ. ಕಚೇರಿಗಳಲ್ಲಿ ಅದಕ್ಕೆ ‘ಲಿಂಕ್ ಡಾಕ್ಯುಮೆಂಟ್’ ಎನ್ನುತ್ತಾರೆ. ಚಿತ್ರದುರ್ಗ ಜಿಲ್ಲಾ ಪಂಚಾಯಿತಿಗೆ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಎಷ್ಟು ಎಂಬುದು ಅಲ್ಲಿ ಮೊದಲೇ ನಿಗದಿಯಾಗಿರುತ್ತದೆ. ಹಿರಿಯೂರಿಗೆ ಈ ವರ್ಷ ಸಂಬಳದ ಬಾಬ್ತಿಗಿಂತ ಶಿಶುಪಾಲನೆಗೆ ಹೆಚ್ಚು ಬೇಕು ಎಂದು ಜಿಲ್ಲೆಯವರಿಗೆ ಅನಿಸಿದರೂ ಒಂದು ಶೀರ್ಷಿಕೆಯ ಹಣವನ್ನು ತಮ್ಮಷ್ಟಕ್ಕೆ ಇನ್ನೊಂದಕ್ಕೆ ತಿರುಗಿಸುವಂತಿಲ್ಲ. ಜವಾಬ್ದಾರಿ ಕೊಟ್ಟು ಕೈ ಕಟ್ಟುವ ಈ ಪದ್ಧತಿ ತಪ್ಪು ಎಂದೇ ನಾನು ಭಾವಿಸುತ್ತೇನೆ.

ಊಟದ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಮುಂದೆ ಪಿಯುಸಿಎಲ್ ಸಂಸ್ಥೆ ಹೂಡಿದ ಆಹಾರ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶಗಳಿಂದ ಅದು ಎಲ್ಲ ಊರುಗಳಿಗೂ ಹರಡಿತು. 2013ರ ಆಹಾರ ಭದ್ರತಾ ಕಾಯ್ದೆ ಮಗುವಿನ ಊಟವನ್ನು ಹಕ್ಕಾಗಿಸಿತು. ಆಗಿನ ಅಳತೆಯಂತೆ ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್, ವರ್ಷಕ್ಕೆ 300 ದಿನ. ಇದಕ್ಕೆ 2017ರಲ್ಲಿ ಕೇಂದ್ರ ಗೊತ್ತುಪಡಿಸಿದ ದರ ಮಗುವೊಂದಕ್ಕೆ ದಿನಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ 12, ಗರ್ಭಿಣಿ ಮತ್ತು ಬಾಣಂತಿಗೆ 9.50. ಇದರಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಎಂಟು ರೂಪಾಯಿಗೆ ಏನು ಬರುತ್ತದೆಂದು ಸಂತೆಗೆ ಹೋಗುವ ಯಾವ ತಾಯಿಗೂ ಬಿಡಿಸಿ ಹೇಳಬೇಕಾಗಿಲ್ಲ. 2013ರ ಆಗಸ್ಟ್ 1ರಿಂದ ‘ಕ್ಷೀರಭಾಗ್ಯ’ದ ಹಾಲು ಸೇರಿತು, ರಾಜ್ಯ ತನ್ನ ಹಣದಿಂದ ಮೊಟ್ಟೆಯನ್ನೂ ಸೇರಿಸಿತು. ಮೇಲಿನ ಸರ್ಕಾರದ ದರ ಸಾಲದಿದ್ದಾಗ ಕೆಳಗಿನ ಸರ್ಕಾರ ಕೈ ಜೋಡಿಸಬಹುದು ಎಂಬುದಕ್ಕೆ ಇದೇ ಉದಾಹರಣೆ. ಪಂಚಾಯಿತಿಯೂ ಹೀಗೆ ಕೈ ಜೋಡಿಸಬಹುದಲ್ಲವೇ? ಕೇರಳದಲ್ಲಿ ಇದು ನಡೆದಿದೆ. 1996ರ ಜನಯೋಜನೆಯ ನಂತರ ಅಲ್ಲಿ ರಾಜ್ಯದ ಯೋಜನಾ ವೆಚ್ಚದ ದೊಡ್ಡ ಪಾಲು ಸ್ಥಳೀಯ ಸಂಸ್ಥೆಗಳ ಕೈಗೆ ಹೋಯಿತು. ಅಂಗನವಾಡಿಯ ಪೂರಕ ಆಹಾರದ ವೆಚ್ಚಕ್ಕೂ ಪಂಚಾಯಿತಿಗಳು ಹೊಣೆಯಾದವು. ಇನ್ನೂ ದೂರ ನೋಡಿದರೆ ಸ್ವೀಡನ್ನಿನ ನಗರಸಭೆಗಳು ಸ್ಥಳೀಯ ಆದಾಯ ತೆರಿಗೆಯ ದರವನ್ನು ತಾವೇ ಗೊತ್ತುಪಡಿಸಿ, ಆ ಹಣದಿಂದ ಶಿಶುವಿಹಾರ ನಡೆಸುತ್ತವೆ. ನಮ್ಮ ಪಂಚಾಯಿತಿಗೆ ಅಷ್ಟು ಶಕ್ತಿ ಇಲ್ಲ. ಹಾಗೆಂದು ಏನೂ ಇಲ್ಲವೆಂದೂ ಅಲ್ಲ.

ಮನೆಗಂದಾಯದ ರಸೀದಿಯನ್ನು ಕೈಗೆತ್ತಿಕೊಳ್ಳಿ. ಕಂದಾಯ 1,000 ರೂಪಾಯಿ ಇದ್ದರೆ ಅದರ ಕೆಳಗೆ ಉಪಕರಗಳ ಸಾಲು ಇರುತ್ತದೆ: ಆರೋಗ್ಯಕ್ಕೆ ಶೇ 15, ಶಿಕ್ಷಣಕ್ಕೆ ಶೇ 10, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಅಂದರೆ ಇನ್ನೂ 340 ರೂಪಾಯಿ. ಅದರಲ್ಲಿ ಗ್ರಂಥಾಲಯದ ಪಾಲು 60. ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು, ಈಗ ಅವು ಅರಿವು ಕೇಂದ್ರಗಳು. ಹಳ್ಳಿಯ ಮಗು ಶಾಲೆ ಬಿಟ್ಟ ಮೇಲೆ ಹೋಗಿ ಕೂರಬಹುದಾದ ಒಂದು ಜಾಗ ಊರಿನವರ ಕಂದಾಯದಿಂದಲೇ ನಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಕಂದಾಯ ಬಾಕಿ ಇಟ್ಟುಕೊಂಡ ಊರು ಮಕ್ಕಳ ಪುಸ್ತಕವನ್ನೂ ಬಾಕಿ ಇಟ್ಟುಕೊಂಡಂತೆ.

15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚಾಗಬೇಕೆಂಬ ನಿರ್ಬಂಧ 2021ರಿಂದ ಬಂತು. ಉಳಿದ ಶೇ 40 ಅನಿರ್ಬಂಧಿತವಾಗಿತ್ತು. ನಿರ್ಬಂಧಿತ ಹಣ ಎಂದರೆ ಚರಂಡಿ, ಮೋಟಾರು, ಪೈಪು ಎಂದು ಸದಸ್ಯರು ಮುಖ ಸಿಂಡರಿಸುವುದುಂಟು. ಚಿತ್ರದುರ್ಗದಂಥ ಜಿಲ್ಲೆಯಲ್ಲಿ ಅದೇ ಮಕ್ಕಳ ಹಣವಾಗಬಹುದು. ಇಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕದ್ದಲ್ಲ. ದೊಡ್ಡವರಿಗೆ ಕೀಲುನೋವಾಗಿ ಕಾಡುವ ಈ ವಿಷ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಯಾಗಿ ಉಳಿಯುತ್ತದೆ. ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಿ ಕುಡಿದ ನೀರಿನ ಗುರುತು ಆಮೇಲೆ ಹೋಗುವುದಿಲ್ಲ. ಆದ್ದರಿಂದ ಶುದ್ಧ ನೀರು ಮೊದಲು ತಲುಪಬೇಕಾದದ್ದು ಅಂಗನವಾಡಿಗೆ ಮತ್ತು ಕಿರಿಯ ಪ್ರಾಥಮಿಕ ಶಾಲೆಗೆ. ಕ್ರಿಯಾಯೋಜನೆಯಲ್ಲಿ ಇದೊಂದು ಸಾಲು ಬರೆಸಲು ಹೊಸ ಯೋಜನೆಯೇನೂ ಬೇಕಿಲ್ಲ.

ಈ ಜಿಲ್ಲೆಗೆ ಇನ್ನೊಂದು ಹಣದ ಮೂಲವಿದೆ. ನಮ್ಮ ಚರ್ಚೆಗಳಲ್ಲಿ ಅದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಗುಡ್ಡಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿದೆ. ಅದಿರಿನ ಲಾರಿ ಓಡುವ ದಾರಿಯ ಊರುಗಳಲ್ಲಿ ಮನೆ, ಬೆಳೆ, ಮಕ್ಕಳ ಉಸಿರು ಎಲ್ಲದರ ಮೇಲೂ ದೂಳು. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾಗಿ ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಹುಟ್ಟಿತು. ಹಳೆಯ ಗುತ್ತಿಗೆದಾರರು ರಾಜಧನದ ಶೇ 30ರಷ್ಟು, ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಹೆಚ್ಚುವರಿಯಾಗಿ ಇದಕ್ಕೆ ಕಟ್ಟಬೇಕು. ಈ ಹಣದಲ್ಲಿ ಕನಿಷ್ಠ ಶೇ 60 ಆದ್ಯತಾ ವಲಯಗಳಿಗೆ ಹೋಗಬೇಕೆಂದು ಮೊದಲ ಮಾರ್ಗಸೂಚಿ ಹೇಳಿತು, 2024ರಲ್ಲಿ ಅದು ಶೇ 70 ಆಯಿತು. ಆ ಆದ್ಯತೆಯ ಪಟ್ಟಿಯಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣದ ಜೊತೆಗೆ ಮಹಿಳೆಯರು ಮತ್ತು ಮಕ್ಕಳ ಕಲ್ಯಾಣ ಎಂದು ಸ್ಪಷ್ಟವಾಗಿ ಬರೆದಿದೆ. ಇದಲ್ಲದೆ ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ತೀರ್ಪಿನ ಫಲವಾಗಿ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪುನಶ್ಚೇತನಕ್ಕೆ ದೊಡ್ಡ ನಿಧಿ ಕೂಡಿತು. ಅದನ್ನು ನೋಡಿಕೊಳ್ಳಲೆಂದೇ ಒಂದು ನಿಗಮವಿದೆ. ಆದರೂ ಆ ಹಣ ಹಲವು ವರ್ಷ ಬಳಕೆಯಾಗದೆ ಕೂತಿತ್ತು.

ಗಣಿ ಹಣ ಬಂದಾಗ ಮೊದಲು ಏಳುವುದು ಕಾಂಕ್ರೀಟು. ಕಟ್ಟಡ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ದೂಳಿನ ಊರಿನ ಮಕ್ಕಳಿಗೆ ವರ್ಷಕ್ಕೆರಡು ಬಾರಿ ಶ್ವಾಸಕೋಶದ ತಪಾಸಣೆ, ಗಣಿ ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗೆ ಸಂಜೆಯವರೆಗೆ ಆರೈಕೆ, ಇವು ಫೋಟೊದಲ್ಲಿ ಕಾಣದ ಖರ್ಚುಗಳು. ಶಂಕುಸ್ಥಾಪನೆಯ ಕಲ್ಲು ಇಡಲು ಜಾಗವಿಲ್ಲದ ಖರ್ಚುಗಳೇ ಮಗುವಿಗೆ ಹೆಚ್ಚು ಬೇಕಾದವು. ಇದನ್ನು ಕೇಳುವ ಧ್ವನಿ ಗ್ರಾಮಸಭೆಯಿಂದಲೇ ಬರಬೇಕು.

ಮೇಲಿನಿಂದ ಬಂದ ಯೋಜನೆ ಊರಿನ ಚಹರೆ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2017ರ ಅಕ್ಟೋಬರ್ 2ರಂದು ಬಂದ ‘ಮಾತೃಪೂರ್ಣ’ ಪಾಠವಾಯಿತು. ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ, ಅದೂ ಅಂಗನವಾಡಿಗೇ ಬಂದು ಉಣ್ಣಬೇಕು. ಆಶಯ ಒಳ್ಳೆಯದೇ. ಮನೆಗೆ ಕೊಟ್ಟ ದಿನಸಿ ಎಲ್ಲರ ಪಾಲಾಗುತ್ತದೆ, ಕೂತು ಉಂಡರೆ ತಾಯಿಯ ಹೊಟ್ಟೆಗೇ ಸೇರುತ್ತದೆ. ಆದರೆ ಹಿರಿಯೂರು, ಹೊಸದುರ್ಗದ ಗೊಲ್ಲರಹಟ್ಟಿಗಳೂ ಲಂಬಾಣಿ ತಾಂಡಾಗಳೂ ಮೂಲ ಗ್ರಾಮದಿಂದ ದೂರ. ತುಂಬು ಗರ್ಭಿಣಿ ಬಿಸಿಲಲ್ಲಿ ನಡೆದು ಬಂದು ಉಂಡು ಮತ್ತೆ ನಡೆದು ಹೋಗಬೇಕು, ಇಲ್ಲವೇ ಆ ದಿನದ ಕೂಲಿ ಬಿಡಬೇಕು. ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತಿ ಮತ್ತು ಎಳೆಕೂಸನ್ನು ಸೂತಕದ ಹೆಸರಲ್ಲಿ ಹಟ್ಟಿಯ ಹೊರಗೆ ಇರಿಸುವ ರೂಢಿಯೂ ಇದೆ. ಇವರಿಗಾಗಿ ಸರ್ಕಾರ ‘ಕೃಷ್ಣಕುಟೀರ’ಗಳನ್ನು ಕಟ್ಟಿಸಿತು. ಮಳೆ ಚಳಿಗೆ ಸೂರು ಸಿಕ್ಕಿತು ನಿಜ, ಹೊರಗಿಡುವ ರೂಢಿಗೂ ಅದೇ ಸೂರು ಸಿಕ್ಕಿತು. ಸಾರ್ವಜನಿಕ ಹಣ ತಾಯಿಯನ್ನು ಮನೆಯೊಳಗೆ ಉಳಿಸಲು ಖರ್ಚಾಗಬೇಕು. ಆಶಾ ಕಾರ್ಯಕರ್ತೆಯ ಭೇಟಿ, ಹಟ್ಟಿಯ ಹಿರಿಯರೊಡನೆ ಮಾತು, ಹಟ್ಟಿಯಲ್ಲೇ ಅಂಗನವಾಡಿ, ಈ ದಾರಿ ನಿಧಾನ, ಆದರೂ ಅದನ್ನೇ ಹಿಡಿಯಬೇಕು. ಆರು ವರ್ಷದೊಳಗಿನ 40 ಮಕ್ಕಳಿರುವ ವಸತಿಯಲ್ಲಿ ಅಂಗನವಾಡಿ ಇಲ್ಲದಿದ್ದರೆ, ಕೇಳಿದ ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದೇ ಹೇಳಿದೆ. ಹಟ್ಟಿಯ, ತಾಂಡಾದ ಹೆಣ್ಣುಮಕ್ಕಳಿಗೆ ಈ ಆದೇಶದ ಸುದ್ದಿ ಮುಟ್ಟಿಸುವುದೇ ಒಂದು ದೊಡ್ಡ ಕೆಲಸ.

ಕೂಲಿಗೆ ಹೋಗುವ ತಾಯಿಯ ಕಷ್ಟವನ್ನು ನೇರವಾಗಿ ಕಂಡು ರೂಪಿಸಿದ್ದು ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ. 2023–24ರ ರಾಜ್ಯ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಇದು ಘೋಷಣೆಯಾಯಿತು. ಅಂಗನವಾಡಿ ಮೂರು ದಾಟಿದ ಮಗುವನ್ನು ಕೂರಿಸಿಕೊಳ್ಳುತ್ತದೆ. ಅದಕ್ಕಿಂತ ಚಿಕ್ಕ ಕೂಸು ಬದುವಿನ ಮೇಲೆ ಸೀರೆಯ ಜೋಲಿಯಲ್ಲಿ ಮಲಗುತ್ತಿತ್ತು, ಇಲ್ಲವೇ ಏಳೆಂಟು ವರ್ಷದ ಅಕ್ಕನ ಸೊಂಟದಲ್ಲಿರುತ್ತಿತ್ತು. ಆ ಅಕ್ಕ ಶಾಲೆಗೆ ಹೋಗಬೇಕಾದರೂ ಕೂಸಿಗೊಂದು ಮನೆ ಬೇಕು.

ಪಟ್ಟಣಗಳ ಸ್ಥಿತಿ ಇನ್ನೂ ತೆಳು. 74ನೇ ತಿದ್ದುಪಡಿಯ ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಎಂಬ ಬಾಬ್ತೇ ಇಲ್ಲ. ಚಿತ್ರದುರ್ಗ, ಹಿರಿಯೂರು ನಗರಸಭೆಗಳು ಬೀದಿದೀಪಕ್ಕೂ ಕಸಕ್ಕೂ ಉತ್ತರ ಹೇಳುತ್ತವೆ. ಕೊಳೆಗೇರಿಯ ಬಾಡಿಗೆ ಕೋಣೆಯಲ್ಲಿ ನಡೆಯುವ ಅಂಗನವಾಡಿ ಇಲಾಖೆಯ ವಿಷಯವಾಗಿಯೇ ಉಳಿಯುತ್ತದೆ.

ಜಿಲ್ಲೆಯ ಹಳ್ಳಿ ಮತ್ತು ಪಟ್ಟಣಗಳ ಯೋಜನೆಗಳನ್ನು ಒಂದುಗೂಡಿಸಲು ಸಂವಿಧಾನ ಜಿಲ್ಲಾ ಯೋಜನಾ ಸಮಿತಿಯನ್ನು ಕೊಟ್ಟಿದೆ. ಅದರ ಐದನೇ ನಾಲ್ಕರಷ್ಟು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪಟ್ಟಣಗಳ ಚುನಾಯಿತರಿಂದ ಆರಿಸಿ ಬರಬೇಕು. 2021ರಲ್ಲಿ ಅವಧಿ ಮುಗಿದ ಮೇಲೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಕಡತ ವಿಲೇವಾರಿ ಮಾಡಬಲ್ಲರು. ನಮ್ಮ ಹಟ್ಟಿಗೆ ಯಾಕೆ ಬರಲಿಲ್ಲ ಎಂದು ಸಭೆಯಲ್ಲಿ ಎದ್ದು ಕೇಳುವವರು ಬೇರೆ. 2020–21ರಲ್ಲಿ ರಾಜ್ಯ ಮೊದಲ ಬಾರಿಗೆ ಮಕ್ಕಳ ಬಜೆಟ್ ಮಂಡಿಸಿ 36,340 ಕೋಟಿ ರೂಪಾಯಿ, ಒಟ್ಟು ಬಜೆಟ್ಟಿನ ಶೇ 15.28, ಮಕ್ಕಳಿಗೆ ಎಂದು ತೋರಿಸಿತು. ಇಂಥದೊಂದು ಪುಟ ಜಿಲ್ಲೆಗೂ ಪ್ರತಿ ಗ್ರಾಮ ಪಂಚಾಯಿತಿಗೂ ಬೇಕು.

ಅದನ್ನು ಬರೆಯಲು ಬೇಕಾದ ಸಾಮಗ್ರಿ ಮಕ್ಕಳ ಗ್ರಾಮಸಭೆಯಲ್ಲಿ ಸಿಗುತ್ತದೆ. ಕುಂದಾಪುರದ ಕಡೆ 1990ರ ದಶಕದಲ್ಲಿ ದುಡಿಯುವ ಮಕ್ಕಳು ಕಟ್ಟಿದ ಮಕ್ಕಳ ಪಂಚಾಯಿತಿಗಳ ಅನುಭವ ಬೆಳೆದು ಇಂದು ರಾಜ್ಯದ ಪಂಚಾಯಿತಿಗಳು ವರ್ಷಕ್ಕೊಮ್ಮೆ ಈ ಸಭೆ ನಡೆಸುತ್ತಿವೆ. ಅಲ್ಲಿ ಮಕ್ಕಳು ಕೇಳುವುದು ಸಣ್ಣ ಸಂಗತಿಗಳು: ಶೌಚಾಲಯಕ್ಕೆ ಚಿಲಕ, ಬಸ್ ನಿಲ್ಲುವ ಕಡೆ ದೀಪ, ಶಾಲೆಯ ದಾರಿಯ ಮದ್ಯದಂಗಡಿ ಎತ್ತಿಸುವುದು, ಓದು ಬಿಡಿಸಿ ಮದುವೆ ಮಾಡುವುದನ್ನು ನಿಲ್ಲಿಸುವುದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಾಲ್ಯವಿವಾಹ ನಿಷೇಧಾಧಿಕಾರಿಯೂ ಹೌದು, ಹಾಗಾಗಿ ಕೊನೆಯ ಮಾತು ನೇರ ಅವರಿಗೇ ಸಲ್ಲುತ್ತದೆ. ಮುಂದಿನ ವರ್ಷದ ಗ್ರಾಮ ಯೋಜನೆಗೆ ವಾರ್ಡ್ ಸಭೆ, ಗ್ರಾಮಸಭೆಗಳು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಡೆಯುತ್ತವೆ. ಮಕ್ಕಳ ಗ್ರಾಮಸಭೆ ಅವಕ್ಕಿಂತ ಮೊದಲೇ ಆಗಬೇಕು. ಮಕ್ಕಳು ಹೇಳಿದ್ದು ನಡಾವಳಿ ಪುಸ್ತಕಕ್ಕೆ ಏರಬೇಕು, ಪ್ರತಿ ಬೇಡಿಕೆಯ ಎದುರಿಗೆ ಯಾವ ಖಾತೆಯಿಂದ ಎಷ್ಟು ಎಂದು ಬರೆಯಬೇಕು, ಆಗದ್ದಕ್ಕೆ ಯಾಕೆ ಆಗಲಿಲ್ಲ ಎಂಬ ಉತ್ತರವನ್ನು ಮುಂದಿನ ಸಭೆಯಲ್ಲಿ ಅದೇ ಮಕ್ಕಳ ಮುಂದೆ ಓದಬೇಕು.